ಗುರಿ ಬರೆದಿದ್ದೀರಿ, ಅಡ್ಡಿ ಬರೆದಿಲ್ಲ

ಪ್ರಶ್ನೆ: ನನಗೆ 36 ವರ್ಷ. ದಾವಣಗೆರೆಯ ಒಂದು ಸೌಹಾರ್ದ ಸಹಕಾರಿಯಲ್ಲಿ ಕೌಂಟರ್ ಕೆಲಸ. ಎಂ.ಎ. ಕನ್ನಡ ಮುಗಿಸಿ ಹನ್ನೆರಡು ವರ್ಷವಾಯಿತು. ಕೆ-ಸೆಟ್ (ಕಾಲೇಜು ಅಧ್ಯಾಪಕರ ರಾಜ್ಯ ಅರ್ಹತಾ ಪರೀಕ್ಷೆ) ಪಾಸು ಮಾಡಿ ಕಾಲೇಜಿನಲ್ಲಿ ಪಾಠ ಮಾಡಬೇಕೆನ್ನುವುದು ಹಳೆಯ ಆಸೆ. ಜನವರಿಯಲ್ಲಿ ಒಂದು ವಿಡಿಯೊ ನೋಡಿ ‘ಸ್ಮಾರ್ಟ್ ಗೋಲ್’ (ಸ್ಪಷ್ಟವಾದ, ಅಳೆಯಬಹುದಾದ, ಗಡುವಿರುವ ಗುರಿ) ಪದ್ಧತಿಯಂತೆ ಏಳು ಗುರಿ ಬರೆದು ಬೀರುವಿನ ಬಾಗಿಲ ಒಳಗಡೆ ಅಂಟಿಸಿದೆ: ಈ ವರ್ಷ ಕೆ-ಸೆಟ್ ಪಾಸಾಗುವುದು (ಅದಕ್ಕೆ ದಿನಾ 2 ಗಂಟೆ ಓದು), ವರ್ಷದಲ್ಲಿ 10 ಕೆ.ಜಿ. ಇಳಿಸುವುದು, ದಿನಾ 45 ನಿಮಿಷ ವಾಕಿಂಗ್, ಅರ್ಧ ಗಂಟೆ ಇಂಗ್ಲಿಷ್ ಮಾತು, ಮಲಗುವ ಮೊದಲು ಅರ್ಧ ಗಂಟೆ ಪುಸ್ತಕ, ಚಿನ್ನದ ಸಾಲ ತೀರಿಸುವುದು, ಮೊಬೈಲ್ ಕಡಿಮೆ ಮಾಡುವುದು. ಶಿವರಾತ್ರಿ ಹೊತ್ತಿಗೆ ಒಂದೂ ಉಳಿಯಲಿಲ್ಲ. ಸೀರೆ ತೆಗೆಯುವಾಗಲೆಲ್ಲ ಆ ಹಾಳೆ ಕಂಡು ಮನಸ್ಸು ಕುಗ್ಗುತ್ತದೆ. ಪದ್ಧತಿಯೇ ಸರಿ ಇಲ್ಲವೋ, ನನ್ನಲ್ಲೇ ಛಲ ಇಲ್ಲವೋ? ಐದನೇ ಕ್ಲಾಸಿನ ಮಗನಿಗೂ ಇಂಥದ್ದೇ ಹಾಳೆ ಮಾಡಿಸೋಣ ಅಂದುಕೊಂಡಿದ್ದೆ. ಮಾಡಿಸಲೇ?

ಉತ್ತರ: ನೀವು ಕಳಿಸಿದ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಕೊನೆಯ ಕಾಲಮ್ಮಿನಲ್ಲಿ ದಿನ ದಿನಕ್ಕೂ ರೈಟ್ ಗುರುತು ಹಾಕಿದ್ದೀರಿ. ಜನವರಿ 19ರವರೆಗೆ ಕೆ-ಸೆಟ್ ಸಾಲಿನಲ್ಲಿ ಹನ್ನೊಂದು ಗುರುತಿವೆ. ಮನೆ, ಕೌಂಟರ್, ಮಗನ ಹೋಮ್‌ವರ್ಕ್ ಇಷ್ಟರ ನಡುವೆ ಹತ್ತೊಂಬತ್ತು ದಿನದಲ್ಲಿ ಹನ್ನೊಂದು ದಿನ ಎರಡೆರಡು ಗಂಟೆ ಓದಿದವರಿಗೆ ಛಲವಿಲ್ಲ ಎಂದು ನಾನು ಹೇಳಲಾರೆ. ಛಲದ ವಿಚಾರ ಇಲ್ಲಿಗೆ ಬಿಡೋಣ.

ಮೊದಲು ಒಂದು ಕೂಡಿಕೆ ಲೆಕ್ಕ. ಎರಡು ಗಂಟೆ ಓದು, ಮುಕ್ಕಾಲು ಗಂಟೆ ನಡಿಗೆ, ಅರ್ಧ ಗಂಟೆ ಇಂಗ್ಲಿಷ್, ಅರ್ಧ ಗಂಟೆ ಪುಸ್ತಕ: ದಿನಕ್ಕೆ 3 ಗಂಟೆ 45 ನಿಮಿಷ. ಬೆಳಿಗ್ಗೆ ಐದೂವರೆಗೆ ಏಳುತ್ತೀರಿ, ಸಂಜೆ ಆರೂವರೆಗೆ ಮನೆಗೆ ಬರುತ್ತೀರಿ, ಅಡುಗೆಮನೆ ಮುಗಿಯುವಾಗ ಒಂಬತ್ತೂಕಾಲು ಎಂದು ಪತ್ರದಲ್ಲೇ ಬರೆದಿದ್ದೀರಿ. ಹಾಗಾದರೆ ಆ ಮೂರೂಮುಕ್ಕಾಲು ಗಂಟೆ ನಿಮ್ಮ ದಿನದಲ್ಲಿ ಎಲ್ಲಿದೆ? ಗ್ರಾಹಕರ ಪಾಸ್‌ಬುಕ್ಕಿನಲ್ಲಿ ಇಲ್ಲದ ದುಡ್ಡನ್ನು ನೀವು ಕೊಡುವುದಿಲ್ಲ. ನಿಮ್ಮ ದಿನದ ಮೇಲೆ ಮಾತ್ರ ಇಲ್ಲದ ದುಡ್ಡಿಗೆ ಚೆಕ್ ಬರೆದುಬಿಟ್ಟಿದ್ದೀರಿ.

ಇನ್ನು ಪದ್ಧತಿಯ ವಿಚಾರ. ‘ಸ್ಮಾರ್ಟ್’ ಎಂಬ ಐದು ಇಂಗ್ಲಿಷ್ ಅಕ್ಷರಗಳ ಸೂತ್ರವನ್ನು ಜಾರ್ಜ್ ಡೊರಾನ್ ಎಂಬ ಅಮೆರಿಕದ ಸಲಹೆಗಾರರು 1981ರ ನವೆಂಬರಿನಲ್ಲಿ ವ್ಯವಸ್ಥಾಪಕರ ಒಂದು ಪತ್ರಿಕೆಯಲ್ಲಿ ಬರೆದರು. ಅವರು ಬರೆದದ್ದು ಕಂಪನಿಗಳ ಮ್ಯಾನೇಜರುಗಳಿಗೆ. ಇವತ್ತು ‘ಎ’ ಅಂದರೆ ಕೈಗೆಟುಕುವಂಥದ್ದು ಎಂದು ಹೇಳಿಕೊಡುತ್ತಾರಲ್ಲ, ಡೊರಾನ್ ಬರೆದಾಗ ಆ ಅಕ್ಷರ ಈ ಕೆಲಸ ಯಾರ ಪಾಲಿಗೆ ಎಂಬುದನ್ನು ಸೂಚಿಸುತ್ತಿತ್ತು. ಅಂದರೆ ಆ ಸೂತ್ರದ ಹಿಂದೆ ಒಂದು ಆಫೀಸೇ ಇತ್ತು. ಕೆಲಸ ಹಂಚಿಕೊಡುವ ಮೇಲಧಿಕಾರಿ, ಆ ಕೆಲಸಕ್ಕೆಂದೇ ಸಂಬಳ ಸಿಗುವ ಎಂಟು ಗಂಟೆ, ಸೋಮವಾರ ಬೆಳಿಗ್ಗೆ ಎಲ್ಲಿಗೆ ಬಂತು ಎಂದು ಕೇಳುವ ಮೀಟಿಂಗ್ ಎಲ್ಲವೂ ಇದ್ದವು. ಆ ಸೂತ್ರವನ್ನು ಮನೆಗೆ ತಂದಾಗ ಅಕ್ಷರಗಳಷ್ಟೇ ಬಂದವು, ಆಫೀಸು ಬರಲಿಲ್ಲ. ರಾತ್ರಿ ಒಂಬತ್ತೂಕಾಲಿಗೆ ನಿಮ್ಮ ಅಡುಗೆಮನೆಯಲ್ಲಿ ಮೇಲಧಿಕಾರಿಯೂ ನೀವೇ, ಗುಮಾಸ್ತೆಯೂ ನೀವೇ, ದಣಿದು ಕೂತವರೂ ನೀವೇ.

ಹಾಗಂತ ಸ್ಪಷ್ಟವಾದ, ಅಳತೆಗೆ ಸಿಗುವ ಗುರಿ ಸುಳ್ಳೇನಲ್ಲ. ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಎಂಬ ಇಬ್ಬರು ಮನೋವಿಜ್ಞಾನಿಗಳು ದಶಕಗಟ್ಟಲೆ ಇದರ ಹಿಂದೆ ಬಿದ್ದವರು. ಅವರ ಕೆಲಸದಲ್ಲಿ ನನಗೆ ಇಷ್ಟವಾದದ್ದು ಅಮೆರಿಕದ ಓಕ್ಲಹೋಮಾದ ಮರದ ಲಾರಿಗಳ ಪ್ರಸಂಗ, 1975ರಲ್ಲಿ ಪ್ರಕಟವಾದದ್ದು. ಚಾಲಕರು ಕಾನೂನು ಒಪ್ಪುವ ಹೊರೆಯಲ್ಲಿ ಸುಮಾರು ಶೇ 60ರಷ್ಟೇ ತುಂಬಿ ಓಡುತ್ತಿದ್ದರು. ‘ಆದಷ್ಟು ಜಾಸ್ತಿ ತುಂಬಿ’ ಎಂದು ಹೇಳಿ ಏನೂ ಆಗಿರಲಿಲ್ಲ. ಶೇ 94 ಎಂದು ಒಂದು ಸಂಖ್ಯೆ ಕೊಟ್ಟರು. ಕೆಲವು ತಿಂಗಳಲ್ಲಿ ಹೊರೆ ಶೇ 90 ದಾಟಿತು. ಸಂಬಳ ಹೆಚ್ಚಿಸಿರಲಿಲ್ಲ. ಸ್ಪಷ್ಟ ಗುರಿಗೆ ಇಷ್ಟು ಬಲವಿದೆ. ಆದರೆ ಆ ಚಾಲಕರಿಗೆ ಲಾರಿ ತುಂಬುವುದು ಹೇಗೆಂದು ಮೊದಲೇ ಗೊತ್ತಿತ್ತು, ಲಾರಿ ಎದುರಿಗೇ ನಿಂತಿತ್ತು. ಇದನ್ನು ಮನಸ್ಸಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದೇ ಜಾಗದಲ್ಲಿ ಒಂದು ಸುಳ್ಳನ್ನೂ ತೆಗೆದುಹಾಕುತ್ತೇನೆ, ನೀವು ನೋಡಿದ ವಿಡಿಯೊದಲ್ಲೂ ಅದು ಇದ್ದಿರಬಹುದು. ‘1953ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಗುರಿ ಬರೆದಿಟ್ಟ ಶೇ 3ರಷ್ಟು ವಿದ್ಯಾರ್ಥಿಗಳು ಇಪ್ಪತ್ತು ವರ್ಷದ ಮೇಲೆ ಉಳಿದ ಶೇ 97 ಮಂದಿಗಿಂತ ಹೆಚ್ಚು ಶ್ರೀಮಂತರಾಗಿದ್ದರು’ ಎಂಬ ಕಥೆ. ಅಂಥ ಅಧ್ಯಯನ ನಡೆದೇ ಇಲ್ಲ. ಹುಡುಕಿದವರಿಗೆ ಯೇಲ್‌ನಲ್ಲಿ ಅದರ ಸುಳಿವೇ ಸಿಗಲಿಲ್ಲ. ಬರೆದು ಅಂಟಿಸಿದರೆ ಅರ್ಧ ಗೆದ್ದಂತೆ ಎಂಬ ಭರವಸೆ ಆ ಕಥೆಯಿಂದ ಹುಟ್ಟುತ್ತದೆ. ಹಾಳೆ ಸೋತಾಗ ಮನುಷ್ಯ ತನ್ನನ್ನೇ ಬೈದುಕೊಳ್ಳುವುದೂ ಅದರಿಂದಲೇ. ನಿಮಗೂ ಆದದ್ದು ಅದೇ ಎಂದು ನನಗನ್ನಿಸುತ್ತದೆ.

ಈಗ ನಿಮ್ಮ ಏಳು ಗುರಿಗಳಲ್ಲಿ ಒಂದನ್ನು ಇಟ್ಟುಕೊಳ್ಳೋಣ. ಕೆ-ಸೆಟ್ ಇರಲಿ, ಪತ್ರದಲ್ಲಿ ನಾಲ್ಕು ಸಲ ಬಂದದ್ದು ಅದೊಂದೇ. ಚಿನ್ನದ ಸಾಲಕ್ಕೆ ಛಲ ಬೇಕಿಲ್ಲ. ಸಂಬಳ ಬಂದ ದಿನವೇ ಕಂತು ತಾನಾಗಿ ಕಟಾವಾಗುವಂತೆ ಬರೆದುಕೊಡಿ, ನಿಮ್ಮ ಸಂಸ್ಥೆಯಲ್ಲಿ ಅದು ಹತ್ತು ನಿಮಿಷದ ಕೆಲಸ. ಉಳಿದ ಐದನ್ನು ಮೂರು ತಿಂಗಳು ಮರೆತುಬಿಡಿ. 10 ಕೆ.ಜಿ.ಯನ್ನೂ. (ವಿಪರೀತ ಸುಸ್ತು ಇದ್ದರೆ ಮಾತ್ರ ಹಿಮೋಗ್ಲೋಬಿನ್, ಥೈರಾಯ್ಡ್ ಒಮ್ಮೆ ನೋಡಿಸಿ. ರಕ್ತ ಕಡಿಮೆಯಿರುವ ಹೆಂಗಸರು ಅದನ್ನೇ ಸೋಮಾರಿತನ ಎಂದುಕೊಂಡು ವರ್ಷಗಟ್ಟಲೆ ಕೊರಗಿದ್ದನ್ನು ಕಂಡಿದ್ದೇನೆ.)

ನಿಮ್ಮ ಹಾಳೆಯಲ್ಲಿ ‘ಈ ವರ್ಷ ಕೆ-ಸೆಟ್ ಪಾಸಾಗುವುದು’ ಎಂದಿದೆ. ಸ್ಪಷ್ಟವಾಗಿದೆ, ಅಳೆಯಬಹುದು, ಗಡುವೂ ಇದೆ. ಆದರೂ ಅದರ ಮೇಲೆ ನಿಮ್ಮ ಹಿಡಿತ ಅರ್ಧವೇ. ಪರೀಕ್ಷೆ ಇರುವುದು ಹೀಗೆ: ಮೊದಲ ಪತ್ರಿಕೆ 50 ಪ್ರಶ್ನೆ, 100 ಅಂಕ, ಎರಡನೆಯದು ನಿಮ್ಮ ವಿಷಯ, 100 ಪ್ರಶ್ನೆ, 200 ಅಂಕ, ಎರಡೂ ಸೇರಿ ಮೂರು ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ವಯಸ್ಸಿನ ಮಿತಿ ಇಲ್ಲ. ಎರಡೂ ಪತ್ರಿಕೆ ಸೇರಿ ಸಾಮಾನ್ಯ ವರ್ಗಕ್ಕೆ ಶೇ 40, ಮೀಸಲಾತಿಯವರಿಗೆ ಶೇ 35 ಬಂದರೆ ಲೆಕ್ಕಕ್ಕೆ ಸೇರುತ್ತೀರಿ ಅಷ್ಟೆ. ಅರ್ಹತೆ ಸಿಗುವುದು ಪರೀಕ್ಷೆಗೆ ಕೂತವರಲ್ಲಿ ಶೇ 6ರಷ್ಟು ಮಂದಿಗೆ. ಪಕ್ಕದ ಬೆಂಚಿನವರು ಎಷ್ಟು ಓದಿದ್ದಾರೆ ಎಂಬುದರ ಮೇಲೂ ನಿಮ್ಮ ಫಲಿತಾಂಶ ನಿಂತಿದೆ. ಅಧಿಸೂಚನೆ ಯಾವ ತಿಂಗಳು ಬರುತ್ತದೆ ಎಂಬುದೂ ನಿಮ್ಮ ಕೈಲಿಲ್ಲ. ಹಾಗಾಗಿ ‘ಪಾಸಾಗುವುದು’ ಆಸೆಯ ಜಾಗದಲ್ಲಿರಲಿ. ಗುರಿಯ ಜಾಗಕ್ಕೆ ನಿಮ್ಮ ಕೈಲಿರುವುದು ಬರಲಿ.

ಹಾಗಂತ ‘300ಕ್ಕೆ 190 ತೆಗೆಯುತ್ತೇನೆ’ ಎಂದೂ ಈಗಲೇ ಬರೆಯಬೇಡಿ. ಲಾರಿ ಚಾಲಕರಿಗೂ ನಿಮಗೂ ಇರುವ ವ್ಯತ್ಯಾಸ ಇಲ್ಲಿದೆ. ರೂತ್ ಕ್ಯಾನ್‌ಫರ್ ಮತ್ತು ಫಿಲಿಪ್ ಆಕರ್‌ಮನ್ 1989ರಲ್ಲಿ ಅಮೆರಿಕದ ವಾಯುಪಡೆಯ ತರಬೇತಿಯವರಿಗೆ ವಿಮಾನಗಳ ಓಡಾಟ ನಿಯಂತ್ರಿಸುವ ಅಣಕು ಕೆಲಸ ಕೊಟ್ಟು ನೋಡಿದರು. ಕೆಲಸ ಇನ್ನೂ ಕಲಿಯುತ್ತಿರುವಾಗಲೇ ಇಷ್ಟು ಅಂಕ ಎಂದು ಗುರಿ ಹಾಕಿದರೆ ಸಾಧನೆ ಇಳಿಯುತ್ತಿತ್ತು. ಗಮನವೆಲ್ಲ ಅಂಕದ ಕಡೆ ಹೋಗಿ ಕಲಿಕೆಗೆ ಉಳಿಯುತ್ತಿರಲಿಲ್ಲ. ಹನ್ನೆರಡು ವರ್ಷದ ಮೇಲೆ ಛಂದಸ್ಸಿನ ಪುಟ ತೆರೆಯುವವರಿಗೆ ಅದು ಹೆಚ್ಚುಕಡಿಮೆ ಹೊಸ ವಿಷಯವೇ. ಮೊದಲ ಮೂರು ತಿಂಗಳು ಕಲಿಕೆಯ ಗುರಿ ಇರಲಿ. ಅದೂ ‘ಛಂದಸ್ಸು ಓದುವುದು’ ಎಂದಲ್ಲ. ಹೀಗೆ ಬರೆಯಿರಿ: ‘ನೋಡದ ಒಂದು ಪದ್ಯ ಕೊಟ್ಟರೆ ಪ್ರಸ್ತಾರ ಹಾಕಿ, ಶರ, ಕುಸುಮ, ಭೋಗ, ಭಾಮಿನಿ, ಪರಿವರ್ಧಿನಿ, ವಾರ್ಧಕ, ಇವುಗಳಲ್ಲಿ ಯಾವ ಷಟ್ಪದಿ ಎಂದು ಹೇಳಬಲ್ಲೆ. ಕಂದಪದ್ಯಕ್ಕೆ 12, 20, 12, 20 ಮಾತ್ರೆ ಬಂತೇ ಎಂದು ಎಣಿಸಬಲ್ಲೆ.’ ಇದು ಆಯಿತೋ ಇಲ್ಲವೋ ಎಂದು ಐದು ನಿಮಿಷದಲ್ಲಿ ತಿಳಿದುಬಿಡುತ್ತದೆ, ಯಾರೂ ಹೇಳಬೇಕಾಗಿಲ್ಲ. ಕಾವ್ಯಮೀಮಾಂಸೆಗೆ, ಭಾಷಾವಿಜ್ಞಾನಕ್ಕೆ ಇಂಥದ್ದೇ ಒಂದೊಂದು ವಾಕ್ಯ ಮಾಡಿಕೊಳ್ಳಿ. ಮೊದಲ ಪತ್ರಿಕೆಯ ದತ್ತಾಂಶ ವಿಶ್ಲೇಷಣೆ, ಶೇಕಡಾವಾರು ಲೆಕ್ಕ ಇವಕ್ಕೆ ನೀವು ಹೆದರಬೇಕಾಗಿಲ್ಲ. ದಿನವಿಡೀ ಬಡ್ಡಿ ಲೆಕ್ಕ ಹಾಕುವವರು ನೀವು. ಬೇರೆ ಕನ್ನಡ ಎಂ.ಎ.ಗಳು ಬೆವರುವುದು ಅಲ್ಲೇ.

ಈಗ ನಿಮ್ಮ ಹಾಳೆಯಲ್ಲಿ ಇಲ್ಲದೇ ಹೋದ ಸಾಲಿಗೆ ಬರುತ್ತೇನೆ. ಏಳು ಗುರಿ ಇವೆ, ಅಡ್ಡಿ ಒಂದೂ ಇಲ್ಲ.

ಜರ್ಮನ್ ಮೂಲದ ಮನೋವಿಜ್ಞಾನಿ ಗಾಬ್ರಿಯೆಲೆ ಓಟಿಂಗನ್ 1991ರಲ್ಲಿ ಥಾಮಸ್ ವ್ಯಾಡೆನ್ ಜತೆ ಸೇರಿ, ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ 25 ಮಹಿಳೆಯರ ಬಗ್ಗೆ ಬರೆದರು. ‘ನನ್ನಿಂದ ಆಗುತ್ತದೆ’ ಎಂದು ನಂಬಿದವರು ಹೆಚ್ಚು ಇಳಿಸಿದ್ದರು. ಆದರೆ ತೆಳ್ಳಗಾದ ಮೇಲಿನ ಚಿತ್ರವನ್ನು ಬಣ್ಣಬಣ್ಣವಾಗಿ ಕಲ್ಪಿಸಿಕೊಂಡು ಸುಖಪಟ್ಟವರು ಕಡಿಮೆ ಇಳಿಸಿದ್ದರು. ಕನಸಿನಲ್ಲೇ ಊಟ ಮುಗಿದರೆ ಎದ್ದು ಒಲೆ ಹಚ್ಚುವವರು ಯಾರು? ಅಲ್ಲಿಂದ ಶುರುಮಾಡಿ ಅವರು ನಾಲ್ಕು ಹಂತದ ಒಂದು ಪದ್ಧತಿ ಕಟ್ಟಿದರು. ಇಂಗ್ಲಿಷಿನಲ್ಲಿ ಅದಕ್ಕೆ ‘ವೂಪ್’ ಎನ್ನುತ್ತಾರೆ. ನಾನು ನಮ್ಮವರಿಗೆ ಹೇಳಿಕೊಡುವುದು ಆಸೆ, ಫಲ, ಅಡ್ಡಿ, ಉಪಾಯ ಎಂದು. ಆಸೆ ಏನು, ಅದು ಕೈಗೂಡಿದರೆ ಸಿಗುವ ಅತಿ ಒಳ್ಳೆಯ ಫಲ ಏನು ಎಂದು ಒಂದು ನಿಮಿಷ ಕಣ್ಣುಮುಚ್ಚಿ ನೋಡಬೇಕು. ಕೂಡಲೇ, ಆ ಖುಷಿ ಆರುವ ಮೊದಲೇ, ನನ್ನೊಳಗೆ ಅಡ್ಡ ನಿಂತಿರುವುದು ಏನು ಎಂದು ಅಷ್ಟೇ ಸ್ಪಷ್ಟವಾಗಿ ನೋಡಬೇಕು. ಈ ಕ್ರಮ ತಪ್ಪಬಾರದು.

ಮೂರನೆಯ ಹಂತದಲ್ಲಿ ಎಲ್ಲರೂ ಮೊದಲು ಬರೆಯುವುದು ‘ಟೈಮ್ ಇಲ್ಲ’ ಎಂದೇ. ನನ್ನ ಬಳಿ ಬಂದಿದ್ದ ಒಬ್ಬ ಹೆಣ್ಣುಮಗಳು, ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್, ಇಲಾಖಾ ಪರೀಕ್ಷೆಗೆ ಓದುತ್ತಿದ್ದಳು. ಅವಳೂ ಅದನ್ನೇ ಬರೆದಳು. ‘ಸರಿ, ನಿನ್ನೆ ರಾತ್ರಿ ಒಂಬತ್ತೂವರೆಗೆ ಏನು ಮಾಡುತ್ತಿದ್ದೆ?’ ಎಂದು ಕೇಳಿದೆ. ‘ದಿವಾನದ ಮೇಲೆ ಕೂತು ಫೋನ್ ನೋಡುತ್ತಿದ್ದೆ ಮೇಡಂ.’ ‘ಪುಸ್ತಕ ಎಲ್ಲಿತ್ತು?’ ‘ಪಕ್ಕದಲ್ಲೇ ಇತ್ತು.’ ‘ಕೈ ಯಾಕೆ ಅದರ ಕಡೆ ಹೋಗಲಿಲ್ಲ?’ ಸುಮಾರು ಹೊತ್ತು ಸುಮ್ಮನಿದ್ದಳು. ದುಪಟ್ಟಾದ ಅಂಚು ಸುತ್ತುತ್ತಾ, ‘ತೆಗೆದರೆ ಮರೆತುಹೋದದ್ದೇ ಕಾಣುತ್ತೆ’ ಎಂದಳು. ಅಡ್ಡಿ ಅದು. ಸಮಯವಾಗಿರಲಿಲ್ಲ, ಪುಸ್ತಕ ತೆರೆದ ಮೊದಲ ಎರಡು ನಿಮಿಷದ ನಾಚಿಕೆಯಾಗಿತ್ತು. ಸಮಯದ ಅಡ್ಡಿಗೆ ಟೈಮ್‌ಟೇಬಲ್ ಮದ್ದು. ನಾಚಿಕೆಗೆ ಟೈಮ್‌ಟೇಬಲ್ ಏನೂ ಮಾಡುವುದಿಲ್ಲ. ಅವಳು ಬರೆದುಕೊಂಡ ಉಪಾಯ ಇಷ್ಟೇ: ‘ಪುಟ ನೋಡಿ ಎದೆ ಧಸಕ್ಕೆಂದರೆ, ನನಗೆ ಗೊತ್ತಿರುವ ಒಂದು ಉತ್ತರವನ್ನು ಮೊದಲು ಬರೆದು, ಆಮೇಲೆ ಹೊಸ ಪುಟ ತೆಗೆಯುತ್ತೇನೆ.’

ಆ ವಾಕ್ಯದ ‘ರೆ’ ಗಮನಿಸಿ. ನಾಲ್ಕನೆಯ ಹಂತದ ಜೀವ ಅದು. ‘ಇಂಥದ್ದು ಆದರೆ ಇಂಥದ್ದು ಮಾಡುತ್ತೇನೆ’ ಎಂದು ಮೊದಲೇ ಕಟ್ಟಿಡುವುದನ್ನು ಪೀಟರ್ ಗೊಲ್‌ವಿಟ್ಜರ್ ಎಂಬವರು 90ರ ದಶಕದಿಂದ ಅಧ್ಯಯನ ಮಾಡುತ್ತಾ ಬಂದಿದ್ದಾರೆ. ಓಟಿಂಗನ್ ಅವರ ಪತಿಯೂ ಹೌದು. 2002ರಲ್ಲಿ ಬ್ರಿಟನ್ನಿನಲ್ಲಿ ನಡೆದ ಒಂದು ಪ್ರಯೋಗದಲ್ಲಿ, ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ವ್ಯಾಯಾಮ ಮಾಡಿ ಎಂದು ವಿದ್ಯಾರ್ಥಿಗಳಿಗೆ ಹೇಳಿದ್ದರು. ಸುಮ್ಮನೆ ಬಿಟ್ಟವರಲ್ಲಿ ಶೇ 38 ಮಂದಿ ಮಾಡಿದರು. ವ್ಯಾಯಾಮದಿಂದ ಹೃದಯಕ್ಕಾಗುವ ಒಳಿತನ್ನು ಓದಿಸಿ ಹುರಿದುಂಬಿಸಿದವರಲ್ಲೂ ಶೇ 35 ಮಂದಿಯೇ. ಆ ಓದಿನ ಜತೆಗೆ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಎಂದು ಬರೆದುಕೊಟ್ಟವರಲ್ಲಿ ಶೇ 91. ಹುರುಪು ತುಂಬುವ ವಿಡಿಯೊಗಳಿಂದ ಎಷ್ಟು ಪ್ರಯೋಜನ ಎಂಬುದನ್ನು ನಡುವಿನ ಅಂಕಿಯಲ್ಲಿ ನೋಡಿಕೊಳ್ಳಿ.

ಇದು ನಮಗೆ ತೀರಾ ಹೊಸದೂ ಅಲ್ಲ. ಪೂಜೆಗೆ ಕೂತಾಗ ಹೇಳಿಸುವ ಸಂಕಲ್ಪ ನೆನಪಿಸಿಕೊಳ್ಳಿ. ‘ಗೋದಾವರ್ಯಾ ದಕ್ಷಿಣೇ ತೀರೇ’ ಎಂದು ಜಾಗ. ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ ಎಂದು ಕಾಲ. ಹೆಸರು, ಗೋತ್ರ ಎಂದು ಮಾಡುವವರು ಯಾರು. ಇಷ್ಟೂ ಆದಮೇಲೆ ‘ಕರಿಷ್ಯೇ’, ಮಾಡುತ್ತೇನೆ. ನಾವು ಹೊಸ ವರ್ಷಕ್ಕೆ ಮಾಡುವ ಸಂಕಲ್ಪದಲ್ಲಿ ‘ಕರಿಷ್ಯೇ’ ಮಾತ್ರ ಉಳಿದಿದೆ.

ನಿಮ್ಮ ದಿನಕ್ಕೆ ನಾನು ಸೂಚಿಸುವ ವಾಕ್ಯ ಇದು, ಬೇಕಾದರೆ ತಿದ್ದಿಕೊಳ್ಳಿ: ‘ಗ್ಯಾಸ್ ಕಟ್ಟೆ ಒರೆಸಿ ಬಟ್ಟೆ ಹಿಂಡಿ ಹಾಕಿದರೆ, ಫೋನನ್ನು ಫ್ರಿಜ್ಜಿನ ಮೇಲಿಟ್ಟು, ಊಟದ ಟೇಬಲ್ಲಿಗೆ ಬಂದು ನೋಟ್ಸ್ ತೆರೆಯುತ್ತೇನೆ.’ ‘ಒಂಬತ್ತೂಕಾಲಿಗೆ’ ಎಂದು ಬರೆಯಬೇಡಿ. ನೆಂಟರು ಬಂದ ದಿನ ಒಂಬತ್ತೂಕಾಲು ತಪ್ಪಿದರೆ ಮನಸ್ಸು ‘ಇವತ್ತು ಹೋಯಿತು’ ಎನ್ನುತ್ತದೆ. ಕಟ್ಟೆ ಒರೆಸುವುದು ಮಾತ್ರ ಎಷ್ಟೊತ್ತಿಗಾದರೂ ಆಗಿಯೇ ಆಗುತ್ತದೆ. ಹಿಂಡಿದ ಬಟ್ಟೆಯ ತಣ್ಣನೆ ಕೈಗೆ ತಾಗಿದ್ದೇ ನಿಮ್ಮ ಗಂಟೆ. ನಲವತ್ತು ನಿಮಿಷ, ವಾರಕ್ಕೆ ಐದು ದಿನ. ಹನ್ನೆರಡು ವಾರಕ್ಕೆ ನಲವತ್ತು ಗಂಟೆಯಾಯಿತು. ಎರಡು ಗಂಟೆಯ ಮುಂದೆ ನಲವತ್ತು ನಿಮಿಷ ಚಿಕ್ಕದಾಗಿ ಕಾಣಬಹುದು. ಆದರೆ ಜನವರಿ 19ರಿಂದ ಈಚೆಗೆ ಆ ಎರಡು ಗಂಟೆಗಳ ಮೊತ್ತ ಸೊನ್ನೆ.

ಎಷ್ಟು ದಿನಕ್ಕೆ ಮುಗಿಯುತ್ತದೆ ಎಂದು ಅಂದಾಜು ಹಾಕಿದ ಮೇಲೆ ಅದನ್ನು ಒಂದೂವರೆ ಪಟ್ಟು ಮಾಡಿ. 1994ರಲ್ಲಿ ಕೆನಡಾದ ವಿದ್ಯಾರ್ಥಿಗಳನ್ನು ಪ್ರಬಂಧ ಯಾವಾಗ ಮುಗಿಸುತ್ತೀರಿ ಎಂದು ಕೇಳಿದಾಗ ಸರಾಸರಿ 34 ದಿನ ಎಂದರು. ಹಿಡಿದದ್ದು 55ಕ್ಕೂ ಹೆಚ್ಚು. ಎಲ್ಲ ಕೆಟ್ಟರೆ ಎಷ್ಟು ಎಂದು ಕೇಳಿದಾಗ ಕೊಟ್ಟ ಅಂದಾಜೂ ಅಷ್ಟು ದೂರ ಹೋಗಿರಲಿಲ್ಲ. ನಾವೆಲ್ಲ ಹಾಗೆಯೇ.

ಇಲ್ಲಿ ಓಟಿಂಗನ್ ಅವರಿಗಿಂತ ನಾನು ಸ್ವಲ್ಪ ಬೇರೆಯಾಗಿ ಹೇಳುತ್ತೇನೆ. ಅಡ್ಡಿಯನ್ನು ನಿಮ್ಮೊಳಗೇ ಹುಡುಕಿ ಎನ್ನುತ್ತಾರೆ ಅವರು. ಒಳ್ಳೆಯ ಮಾತು. ಆದರೆ ನಮ್ಮ ಮನೆಗಳಲ್ಲಿ ದುಡಿಯುವ ಹೆಂಗಸಿನ ಅಡ್ಡಿ ಎಷ್ಟೋ ಸಲ ಹೊರಗೇ ಇರುತ್ತದೆ, ಸಿಂಕಿನ ತುಂಬ ಪಾತ್ರೆಯ ರೂಪದಲ್ಲಿ. ಅದನ್ನೂ ತನ್ನ ಮನಸ್ಸಿನ ದೌರ್ಬಲ್ಯ ಎಂದು ಬರೆದುಕೊಂಡು ಒದ್ದಾಡುವುದು ಅನ್ಯಾಯ. ನಿಮ್ಮ ಪತ್ರದಲ್ಲಿ ಯಜಮಾನರ ಮಾತು ಒಂದೇ ಸಲ ಬಂದಿದೆ, ‘ಅವರು ಏನೂ ಅನ್ನುವುದಿಲ್ಲ’ ಎಂದು. ಅನ್ನದಿದ್ದರೆ ಸಾಲದು. ವಾರಕ್ಕೆ ಐದು ರಾತ್ರಿ ಮಗನನ್ನು ಮಲಗಿಸುವುದು ಅವರ ಪಾಲಿಗೆ ಬರಲಿ. ‘ಸ್ವಲ್ಪ ಹೆಲ್ಪ್ ಮಾಡಿ’ ಎಂದು ಕೇಳಬೇಡಿ, ಅದಕ್ಕೆ ಅಳತೆ ಇಲ್ಲ. ‘ಸೋಮವಾರದಿಂದ ಶುಕ್ರವಾರದವರೆಗೆ ಒಂಬತ್ತೂಕಾಲರಿಂದ ಹತ್ತರವರೆಗೆ ಇವನು ನಿಮ್ಮ ಜತೆ’ ಎಂದು ಹೇಳಿ. ಡೊರಾನ್ ಬರೆದ ‘ಯಾರ ಪಾಲಿಗೆ’ ಎಂಬ ಮೂಲ ಅಕ್ಷರ ಮನೆಯಲ್ಲಿ ಕೆಲಸಕ್ಕೆ ಬರುವುದು ಇಲ್ಲಿ.

ಇದನ್ನು ವಾಟ್ಸ್ಯಾಪ್ ಸ್ಟೇಟಸ್ಸಿಗೆ ಹಾಕಬೇಡಿ. ಇಂಥದ್ದು ಆಗುತ್ತೇನೆ ಎಂದು ಹೇಳಿ ಜನ ಭೇಷ್ ಎಂದಾಗಲೇ ಅರ್ಧ ಆಗಿಬಿಟ್ಟಂತೆ ಅನಿಸಿ ಕೆಲಸ ಸಡಿಲವಾಗುವುದನ್ನು ಗೊಲ್‌ವಿಟ್ಜರ್ 2009ರಲ್ಲಿ ತೋರಿಸಿದ್ದಾರೆ. ಮಾಡಿದ್ದನ್ನು ವರದಿ ಮಾಡುವುದು ಬೇರೆ, ಅದು ಒಳ್ಳೆಯದೇ. 138 ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ನೋಡಿದಾಗ, ಎಷ್ಟು ದೂರ ಬಂದೆವೆಂದು ಗುರುತಿಟ್ಟುಕೊಳ್ಳುವವರು ಹೆಚ್ಚು ಮುಟ್ಟುತ್ತಾರೆ, ಬರೆದಿಟ್ಟರೆ ಅಥವಾ ಇನ್ನೊಬ್ಬರಿಗೆ ತೋರಿಸಿದರೆ ಇನ್ನೂ ಹೆಚ್ಚು ಎಂದು ಕಂಡುಬಂತು. ಒಬ್ಬ ಗೆಳತಿ ಸಾಕು, ಭಾನುವಾರ ಒಂದು ಮೆಸೇಜ್: ‘ಐದರಲ್ಲಿ ನಾಲ್ಕು.’

ಐದರಲ್ಲಿ ಎರಡೇ ಆದ ವಾರವೂ ಬರುತ್ತದೆ. ಮಾರ್ಚ್ ಕೊನೆ ನಿಮ್ಮ ಕೌಂಟರಿನಲ್ಲಿ ಹೇಗಿರುತ್ತದೆಂದು ನನಗೂ ಗೊತ್ತು. ಲಂಡನ್ನಿನ ಫಿಲಿಪ್ಪಾ ಲ್ಯಾಲಿ 96 ಮಂದಿಯನ್ನು ಹಿಂಬಾಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಅಭ್ಯಾಸ ತಾನಾಗಿ ನಡೆಯುವ ಹಂತಕ್ಕೆ ಬರಲು ನಡುಮಟ್ಟದಲ್ಲಿ 66 ದಿನ ಹಿಡಿಯಿತು. ಕೆಲವರಿಗೆ 18, ಕೆಲವರಿಗೆ 254 ಎಂಬ ಅಂದಾಜು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ. ‘21 ದಿನದಲ್ಲಿ ಅಭ್ಯಾಸ’ ಎಂದು ಹೇಳುವವರನ್ನು ನಂಬಿ ಇಪ್ಪತ್ತೆರಡನೇ ದಿನ ಅಳುವುದು ಬೇಡ. ತಪ್ಪಿದ ದಿನಕ್ಕೂ ಒಂದು ‘ರೆ’ ಬರೆದಿಟ್ಟುಕೊಳ್ಳಿ: ‘ಎರಡು ರಾತ್ರಿ ಬಿಟ್ಟುಹೋದರೆ, ಮೂರನೆಯ ರಾತ್ರಿ ಒಂದೇ ಒಂದು ಪದ್ಯಕ್ಕೆ ಪ್ರಸ್ತಾರ ಹಾಕಿ ಮಲಗುತ್ತೇನೆ.’

ಹನ್ನೆರಡು ವಾರ ಆದಮೇಲೆ ಒಂದು ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು, ಮೂರು ಗಂಟೆ ಕೂತು ಬಿಡಿಸಿ. ಅಂಕದ ಗುರಿ ಹಾಕುವುದು ಅವತ್ತು, ಬಂದ ಅಂಕದ ಮೇಲೆ. ಆಗ ನಿಮ್ಮೆದುರೂ ಲಾರಿ ನಿಂತಿರುತ್ತದೆ, ಎಷ್ಟು ಖಾಲಿ ಇದೆಯೆಂದು ಕಾಣುತ್ತದೆ. ಆ ಹೊತ್ತಿಗೆ ‘ನನಗೆ ಬೇಕಿದ್ದದ್ದು ಪಾಠ ಮಾಡುವುದು, ಈ ಪರೀಕ್ಷೆಯಲ್ಲ’ ಅನ್ನಿಸಿದರೂ ತಪ್ಪಿಲ್ಲ. ಅಡ್ಡಿಯನ್ನು ನೇರವಾಗಿ ನೋಡಿದವರಲ್ಲಿ ಕೆಲವರು ಆ ಆಸೆಯನ್ನು ಬಿಟ್ಟು ಬೇರೆಯದನ್ನು ಹಿಡಿಯುತ್ತಾರೆ. ಈ ಪದ್ಧತಿ ಅದಕ್ಕೂ ಇದೆ.

ಬೀರುವಿನ ಹಾಳೆಯನ್ನು ಇವತ್ತೇ ತೆಗೆಯಿರಿ. ಮಗನಿಗೆ ಹಾಳೆ ಮಾಡಿಸಬೇಡಿ, ಹತ್ತು ವರ್ಷದ ಹುಡುಗನಿಗೆ ಏಳು ಸಾಲಿನ ಸೋಲಿನ ಪಟ್ಟಿ ಬೇಕಾಗಿಲ್ಲ. ಅವನಿಗೆ ಒಂದು ಕೆಲಸ ಕೊಡಿ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನೀವು ಓದಿದ ದಿನಗಳಿಗೆ ಸುತ್ತು ಹಾಕುವುದು, ಭಾನುವಾರ ಸಂಜೆ ಎಣಿಸಿ ನಿಮಗೆ ಹೇಳುವುದು. ಕೆಂಪು ಪೆನ್ನು ಹೇಗೂ ಮನೆಯಲ್ಲಿದೆ.